ಡ್ರಿಫ್ಟ್: ಬಣ್ಣ ಒಂದು ಹೇಳಿ, ಮೀಟರ್ ಇನ್ನೊಂದು ಹೇಳಿದಾಗ

ಹೋದ ವರ್ಷ ಆಟಿ ತಿಂಗಳ ಮಳೆಯಲ್ಲಿ ಪರಿಚಯದ ಹುಡುಗನೊಬ್ಬ ಮಂಗಳೂರಿನಿಂದ ಫೋನ್ ಮಾಡಿದ. ಅವನ ಅಜ್ಜ ಮದುವೆ, ರೋಸ್ (ಕರಾವಳಿಯ ಕ್ರೈಸ್ತರ ಮದುವೆ ಮುಂಚಿನ ಶಾಸ್ತ್ರ) ಕಾರ್ಯಕ್ರಮಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು. ಅವರ ವಾಲ್ವ್ ಆಂಪ್ಲಿಫೈಯರ್, ಅಂದರೆ ಗಾಜಿನ ವಾಲ್ವ್‌ಗಳಿಂದ ಗಿಟಾರ್ ಸದ್ದು ದೊಡ್ಡದು ಮಾಡುವ ಹಳೆ ಪೆಟ್ಟಿಗೆ, ಅಟ್ಟದಲ್ಲಿ ಎಷ್ಟೋ ವರ್ಷದಿಂದ ಕೂತಿತ್ತು. "ಅಣ್ಣಾ, ಇದರಲ್ಲಿ 138 ಕೆ ರೆಸಿಸ್ಟರ್ ಉಂಟು. ಹಂಪನಕಟ್ಟೆ ಕಡೆ ಎಲ್ಲಿ ಕೇಳಿದರೂ ಅಂಥದ್ದೇ ಇಲ್ಲ ಅಂತಾರೆ" ಅಂದ. ರೆಸಿಸ್ಟರ್ ಅಂದರೆ ಕರೆಂಟನ್ನು ತಡೆಯುವ ಸಣ್ಣ ಭಾಗ. 138 ಕೆ ಅಂದರೆ 138 ಸಾವಿರ ಓಮ್ ತಡೆ, ಅವನ ಮೀಟರ್ ತೋರಿಸಿದ ಅಂಕಿ. ಮೈಮೇಲಿನ ಬಣ್ಣದ ಪಟ್ಟೆ ಯಾವುದು ಅಂತ ಕೇಳಿದೆ. ಕಂದು, ಕಪ್ಪು, ಹಳದಿ, ಕೊನೆಗೆ ಬೆಳ್ಳಿ. ಕಂದು 1, ಕಪ್ಪು 0, ಹಳದಿ ಅಂದರೆ ಮುಂದೆ ನಾಲ್ಕು ಸೊನ್ನೆ. ಅಂದರೆ ಅದು 100 ಕೆ, ಬೆಳ್ಳಿ ಇರುವುದರಿಂದ ಶೇಕಡಾ 10ರಷ್ಟು ಹೆಚ್ಚುಕಡಿಮೆ. 90ರಿಂದ 110ರ ಒಳಗೆ ಇರಬೇಕಾದದ್ದು 138ಕ್ಕೆ ಹೋಗಿ ಕೂತಿದೆ. ಇದಕ್ಕೇ ಡ್ರಿಫ್ಟ್ ಅನ್ನುವುದು.

ರೆಸಿಸ್ಟರ್ ಸುಟ್ಟಿರುವುದಿಲ್ಲ, ಕಡಿದಿರುವುದಿಲ್ಲ. ಅದರ ಬೆಲೆ, ಅಂದರೆ ಓಮ್ ಅಂಕಿ, ಮಾತ್ರ ವರ್ಷದಿಂದ ವರ್ಷಕ್ಕೆ ಮೆಲ್ಲಗೆ ಸರಿದಿರುತ್ತದೆ. ಹಾಗಾಗಿ ಹೊಸದನ್ನು ಹುಡುಕುವಾಗ ಮೀಟರ್ ತೋರಿಸಿದ ಅಂಕಿಯನ್ನು ನೋಡಬಾರದು. ಪಟ್ಟೆಯನ್ನು ನೋಡಬೇಕು, ಸರ್ಕ್ಯೂಟ್ ನಕ್ಷೆ ಸಿಕ್ಕರೆ ಅದನ್ನು ನೋಡಬೇಕು. 138 ಅನ್ನುವುದು ರೋಗದ ಅಳತೆ, ಮದ್ದಿನ ಅಳತೆ ಅಲ್ಲ.

ಯಾಕೆ ಸರಿಯುತ್ತದೆ? 1950, 60ರ ದಶಕದ ಆಂಪ್ಲಿಫೈಯರ್‌ಗಳಲ್ಲಿ ಜಾಸ್ತಿ ಇರುವುದು ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್. ಇಂಗಾಲದ ಪುಡಿಯನ್ನು ಅಂಟಿನ ಜೊತೆ ಕಲಸಿ, ಒತ್ತಿ, ಸಣ್ಣ ಕಡ್ಡಿ ಮಾಡಿರುತ್ತಾರೆ. ಪುಡಿಯ ಕಣಗಳು ಒಂದಕ್ಕೊಂದು ತಾಗಿರುವುದರಿಂದಲೇ ಕರೆಂಟ್ ಹರಿಯುವುದು. ಆ ಕಡ್ಡಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಹೊರಗೆ ಬಿಟ್ಟ ಹಪ್ಪಳದ ಕಥೆ ನಮ್ಮ ಕರಾವಳಿಯವರಿಗೆ ಗೊತ್ತು, ಅಲ್ವಾ? ಇದೂ ಹಾಗೆಯೇ. ತೇವ ಸೇರಿದ ಹಾಗೆಲ್ಲ ಕಣಗಳ ನಡುವಿನ ಸಂಪರ್ಕ ಸಡಿಲವಾಗಿ ಬೆಲೆ ಏರುತ್ತದೆ. ತೇವದಿಂದ ಏರಿದ ಪಾಲು ಒಣಗಿದ ಮೇಲೆ ಸ್ವಲ್ಪ ಇಳಿಯುವುದೂ ಉಂಟು. ಆದರೆ ವರ್ಷಗಟ್ಟಲೆ ಕಾವು ತಿಂದು, ಹಳತಾಗಿ ಏರಿದ್ದು ಇಳಿಯುವುದಿಲ್ಲ. ದಿನಾ ನುಡಿಸುವ ಆಂಪ್ಲಿಫೈಯರ್ ತನ್ನ ಬಿಸಿಗೆ ತಾನೇ ಒಣಗುತ್ತಿರುತ್ತದೆ. ಅಟ್ಟದಲ್ಲಿ ಸುಮ್ನೆ ಕೂತದ್ದಕ್ಕೆ ಆ ಭಾಗ್ಯ ಇಲ್ಲ. ಉಡುಪಿ, ಮಂಗಳೂರಿನ ಅಟ್ಟಗಳಲ್ಲಿ ಇದನ್ನು ನೆನಪಿಡಬೇಕು.

ಅಳೆಯುವ ಮೊದಲು ಒಂದು ಮಾತು. ಪ್ಲಗ್ ತೆಗೆದ ಮೇಲೂ ಕರೆಂಟ್ ಕೂಡಿಟ್ಟುಕೊಳ್ಳುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ವರೆಗೂ, ಕೆಲವದರಲ್ಲಿ ಅದಕ್ಕಿಂತ ಜಾಸ್ತಿಯೂ, ಉಳಿದಿರಬಹುದು. ಜೀವ ತೆಗೆಯುವಷ್ಟು. ದೊಡ್ಡ ವ್ಯಾಟ್‌ನ ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕಬೇಕು. ಈ ಕೆಲಸ ಮಾಡಿ ಗೊತ್ತಿಲ್ಲದವರು ಗೊತ್ತಿದ್ದವರ ಪಕ್ಕದಲ್ಲಿ ಕೂತು ಕಲಿಯಿರಿ. ಆ ಹುಡುಗನಿಗೂ ಮೊದಲು ಹೇಳಿದ್ದು ಇದನ್ನೇ.

ಸರ್ಕ್ಯೂಟ್‌ನಲ್ಲಿ ಇದ್ದ ಹಾಗೆಯೇ ಅಳೆದರೆ ಅಕ್ಕಪಕ್ಕದ ದಾರಿಗಳೂ ಸೇರಿ ಅಂಕಿ ಕಡಿಮೆ ಬರುತ್ತದೆ. ಹಾಗಿದ್ದೂ ಜಾಸ್ತಿ ತೋರಿಸಿದರೆ ಆ ರೆಸಿಸ್ಟರ್ ಏರಿದೆ ಅಂತ ಖಾತ್ರಿ. ಅನುಮಾನ ಇದ್ದರೆ ಒಂದು ಕಾಲು ಬಿಡಿಸಿ ಅಳೆಯಿರಿ. ಸೋಲ್ಡರಿಂಗ್ ಐರನ್ ಹೆಚ್ಚು ಹೊತ್ತು ಹಿಡಿಯಬೇಡಿ. ಆ ಕಾವಿಗೂ ಹಳೆ ಕಾರ್ಬನ್‌ನ ಬೆಲೆ ಬದಲಾಗುತ್ತದೆ.

ಇನ್ನು ಬದಲಿಗೆ ಏನು ಹಾಕುವುದು? ಓಮ್ ಹೊಂದಿದರೆ ಸಾಲದು. ಯಾವ ಜಾಗ ಅಂತ ನೋಡಬೇಕು. ಮೊದಲ ವಾಲ್ವ್, ಹೆಚ್ಚಾಗಿ 12ಎಎಕ್ಸ್7 ಅನ್ನುವ ಮಾದರಿ, ಅದರ ಪ್ಲೇಟ್‌ಗೆ (ದೊಡ್ಡದಾದ ಸಿಗ್ನಲ್ ಹೊರಬರುವ ತುದಿಗೆ) ಇರುವ 100 ಕೆ ಅನ್ನೇ ತೆಗೆದುಕೊಳ್ಳಿ. ಅದರ ಎರಡು ತುದಿಗಳ ನಡುವೆ 100 ವೋಲ್ಟ್ ಇದೆ ಅಂತಿಟ್ಟುಕೊಳ್ಳಿ. ವೋಲ್ಟ್‌ನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ 0.1 ವ್ಯಾಟ್. ಕಾಲು ವ್ಯಾಟ್ ಸಾಕು ಅನಿಸುತ್ತದೆ. ಆದರೆ ವಾಲ್ವ್ ಒಳಗೆ ಶಾರ್ಟ್ ಆದರೆ ಸಪ್ಲೈಯ ವೋಲ್ಟ್, 300 ಅಂತಿಟ್ಟುಕೊಳ್ಳಿ, ಪೂರ್ತಿ ಅದರ ಮೇಲೆ ಬೀಳುತ್ತದೆ. ಆಗ 0.9 ವ್ಯಾಟ್. ರೆಸಿಸ್ಟರ್‌ಗೆ ವೋಲ್ಟ್‌ನ ಮಿತಿಯೂ ಇದೆ. ಸಾಮಾನ್ಯ ಕಾಲು ವ್ಯಾಟ್‌ನವು ಹೆಚ್ಚಾಗಿ 250 ವೋಲ್ಟ್‌ವರೆಗೆ ಮಾತ್ರ. ಅದಕ್ಕೇ ನಾನು ಅಲ್ಲಿ 1 ವ್ಯಾಟ್‌ನದ್ದನ್ನೇ ಹಾಕುವುದು. ದುಡ್ಡಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ಜಾತಿ ಯಾವುದು ಅಂದರೆ, ಆ ಮೊದಲ ಹಂತದಲ್ಲಿ ಮೆಟಲ್ ಫಿಲ್ಮ್. ಕಾರ್ಬನ್ ಕಾಂಪೊಸಿಷನ್‌ನಲ್ಲಿ ಡಿಸಿ ಹರಿಯುವಾಗ ಸುಂಯ್ ಅನ್ನುವ ಸದ್ದು ಹುಟ್ಟುತ್ತದೆ. ಮೊದಲ ಹಂತದ ಸದ್ದನ್ನು ಮುಂದಿನ ಎಲ್ಲ ಹಂತಗಳೂ ದೊಡ್ಡದು ಮಾಡುತ್ತವೆ. ಹಳೆಯ ಕಾರ್ಬನ್‌ನಿಂದಲೇ ಆ ಬೆಚ್ಚಗಿನ ದನಿ ಬರುವುದು ಅನ್ನುವವರಿದ್ದಾರೆ. ಅದರಲ್ಲಿ ಸ್ವಲ್ಪ ನಿಜ ಉಂಟು. ವೋಲ್ಟ್ ಏರಿದಾಗ ಅದರ ಓಮ್ ಒಂಚೂರು ಇಳಿಯುತ್ತದೆ, ದನಿಗೆ ಸಣ್ಣ ಬಣ್ಣ ಸೇರುತ್ತದೆ. ಆದರೆ ಅದು ಸಿಗ್ನಲ್ ದೊಡ್ಡದಾಗಿ ಏರಿಳಿಯುವ ಕಡೆ ಮಾತ್ರ, ಉದಾಹರಣೆಗೆ ಸ್ಪೀಕರ್ ಓಡಿಸುವ ಪವರ್ ವಾಲ್ವ್‌ಗಳ ಹಿಂದಿನ ಹಂತದ ಪ್ಲೇಟ್‌ನಲ್ಲಿ. ಅಲ್ಲಿ ಹಳೆಯದು ಸರಿಯಾಗಿ ಅಳತೆಗೆ ಬಂದರೆ ನಾನು ಮುಟ್ಟುವುದಿಲ್ಲ. ಎಲ್ಲವನ್ನೂ ಕಿತ್ತು ಹೊಸದು ಮಾಡುವುದು ನನಗೆ ಇಷ್ಟವಿಲ್ಲ.

ಪವರ್ ವಾಲ್ವ್‌ನ ಸ್ಕ್ರೀನ್ (ಒಳಗಿನ ಒಂದು ಜಾಲರಿ) ರೆಸಿಸ್ಟರ್ ಮಾತು ಬೇರೆ. ಫೆಂಡರ್ ಕಂಪನಿಯ ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಅಲ್ಲಿ 470 ಓಮ್, 1 ವ್ಯಾಟ್ ಕಾಣುತ್ತದೆ. ವಾಲ್ವ್ ಕೆಟ್ಟರೆ ಮೊದಲು ಪೆಟ್ಟು ತಿನ್ನುವುದು ಅದೇ. ಬೆಂಕಿ ಹಿಡಿಯದ ಮೆಟಲ್ ಆಕ್ಸೈಡ್, 2 ಅಥವಾ 3 ವ್ಯಾಟ್, ಬೋರ್ಡ್‌ನಿಂದ ಸ್ವಲ್ಪ ಎತ್ತರಿಸಿ ಕೂರಿಸಿ. ಬಯಾಸ್, ಅಂದರೆ ಪವರ್ ವಾಲ್ವ್‌ನ ಕರೆಂಟನ್ನು ಹಿಡಿತದಲ್ಲಿಡುವ ನೆಗೆಟಿವ್ ವೋಲ್ಟ್, ಅದನ್ನು ಕೊಡುವ ಸಾಲಿನಲ್ಲಿ ಸರಣಿಯಾಗಿ ಕೂತ ರೆಸಿಸ್ಟರ್ ಅನ್ನು ಮರೆಯಲೇಬೇಡಿ. ಅದು ಏರಿದರೆ ನೆಗೆಟಿವ್ ವೋಲ್ಟ್ ಇಳಿದು, ಪವರ್ ವಾಲ್ವ್ ಮಿತಿ ಮೀರಿ ಕರೆಂಟ್ ಎಳೆದು, ಒಳಗಿನ ಪ್ಲೇಟ್ ಕೆಂಪಗಾಗುತ್ತದೆ.

ಅಂಗಡಿಯಲ್ಲಿ ಹಳೆ ಸ್ಟಾಕ್‌ನ ಕಾರ್ಬನ್ ಕಾಂಪೊಸಿಷನ್ ಸಿಕ್ಕರೆ ಅಲ್ಲೇ ಅಳೆದು ನೋಡಿ. ಒಮ್ಮೆಯೂ ಬಳಸದಿದ್ದರೂ ಡಬ್ಬದಲ್ಲಿ ಕೂತೇ ಏರಿರಬಹುದು.

ಹುಡುಗ 100 ಕೆ ಮೆಟಲ್ ಫಿಲ್ಮ್ ತಂದು ಮತ್ತೆ ಫೋನ್ ಮಾಡಿದ. ಇದರಲ್ಲಿ ಹಳದಿಯೇ ಇಲ್ಲ, ಐದು ಪಟ್ಟೆ ಉಂಟು, ತಪ್ಪು ಕೊಟ್ಟರಾ ಅಂತ. ಕಂದು, ಕಪ್ಪು, ಕಪ್ಪು, ಕಿತ್ತಳೆ, ಕಂದು. ಐದು ಪಟ್ಟೆಯದರಲ್ಲಿ ಮೊದಲ ಮೂರು ಅಂಕಿಗಳು, ನಾಲ್ಕನೆಯದು ಎಷ್ಟು ಸೊನ್ನೆ ಅಂತ (ಕಿತ್ತಳೆ ಅಂದರೆ ಮೂರು), ಐದನೆಯದು ಶೇಕಡಾ 1. ಸರಿಯಾದದ್ದೇ ಕೊಟ್ಟಿದ್ದರು.