ಸಾವಿನ ಅಂಕಿ ಇಳಿದಾಗ ಗಾಯಾಳುಗಳ ಲೆಕ್ಕ ಎಲ್ಲಿ ಹೋಗುತ್ತದೆ?

ರಸ್ತೆ ಅಪಘಾತಗಳ ವಾರ್ಷಿಕ ವರದಿ ಕೈಗೆ ಬಂದಾಗ ಹೆಚ್ಚಿನವರು ಮೊದಲು ನೋಡುವುದು ಮೃತರ ಸಂಖ್ಯೆಯನ್ನು. ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುವ ನಾನು ಅದರ ಪಕ್ಕದ ಸಾಲನ್ನು, ಅಂದರೆ ಗಾಯಗೊಂಡವರ ಲೆಕ್ಕವನ್ನು, ಸಂಶಯದಿಂದ ಓದುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ, 2021ರಲ್ಲಿ ಜಗತ್ತಿನಾದ್ಯಂತ ಸುಮಾರು 11.9 ಲಕ್ಷ ಮಂದಿ ರಸ್ತೆಯಲ್ಲಿ ಪ್ರಾಣ ಕಳೆದುಕೊಂಡರು. ಇದು 2010ಕ್ಕಿಂತ ಶೇ. 5ರಷ್ಟು ಕಡಿಮೆ, ಅದೇ ಅವಧಿಯಲ್ಲಿ ವಾಹನಗಳ ಸಂಖ್ಯೆ ದುಪ್ಪಟ್ಟಿಗೂ ಮೀರಿ ಬೆಳೆದಿರುವುದರಿಂದ ಈ ಇಳಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿಯೇ ಶೇ. 92ರಷ್ಟು ಸಾವುಗಳು ಸಂಭವಿಸುತ್ತಿವೆ.

ಗಾಯಾಳುಗಳ ಅಂದಾಜು ಮಾತ್ರ ವರ್ಷಕ್ಕೆ 2 ಕೋಟಿಯಿಂದ 5 ಕೋಟಿ. ಇಷ್ಟು ಅಗಲವಾದ ಅಂದಾಜೇ ದಾಖಲಾತಿಯ ಸ್ಥಿತಿಯನ್ನು ಹೇಳುತ್ತದೆ. ಅಪಘಾತವಾದ 30 ದಿನಗಳೊಳಗೆ ಸತ್ತವರನ್ನು ಮೃತರೆಂದು ಎಣಿಸುವ ಪದ್ಧತಿ ಅನೇಕ ದೇಶಗಳಲ್ಲಿದೆ. ಗಾಯದ ತೀವ್ರತೆಗೆ ಅಂತಹ ಸ್ಪಷ್ಟ ಗೆರೆ ಎಲ್ಲೆಡೆ ಇಲ್ಲ. ಒಬ್ಬನೇ ಜಾರಿ ಬಿದ್ದ ಸೈಕಲ್ ಸವಾರ ಪೊಲೀಸರ ಬಳಿ ಹೋಗದೆ ನೇರವಾಗಿ ಆಸ್ಪತ್ರೆಗೆ ಬಂದರೆ ಅವನು ಪೊಲೀಸರ ಅಪಘಾತದ ಲೆಕ್ಕಕ್ಕೆ ಸೇರುವುದೇ ಇಲ್ಲ. ಸ್ಥಳದಲ್ಲಿ ಎದ್ದು ಕುಳಿತು ಮಾತನಾಡಿದವನನ್ನು ‘ಸಾಧಾರಣ ಗಾಯ’ ಎಂದು ಬರೆದುಕೊಂಡ ಮೇಲೆ, ಕೆಲವು ಗಂಟೆಗಳ ನಂತರ ಅವನ ಮೆದುಳಿನೊಳಗಿನ ರಕ್ತಸ್ರಾವ ಪತ್ತೆಯಾದರೂ ಆ ದಾಖಲೆ ತಿದ್ದುಪಡಿಯಾಗುವುದು ಅಪರೂಪ.

ಇನ್ನೊಂದು ಸೂಕ್ಷ್ಮವಿದೆ. ಆಂಬುಲೆನ್ಸ್ ಬೇಗ ತಲುಪಿದರೆ, ಹೆಲ್ಮೆಟ್ ತಲೆಯನ್ನು ಕಾಪಾಡಿದರೆ, ಸೀಟ್ ಬೆಲ್ಟ್ ಎದೆಯನ್ನು ಉಳಿಸಿದರೆ, ಮೊದಲಾಗಿದ್ದರೆ ಸಾಯುತ್ತಿದ್ದ ವ್ಯಕ್ತಿ ಬದುಕುತ್ತಾನೆ. ಆದರೆ ಮುರಿದ ತೊಡೆ, ಜಜ್ಜಿದ ಪಾದ ಅಥವಾ ಬೆನ್ನುಹುರಿಯ ಪೆಟ್ಟಿನೊಂದಿಗೆ ಮೃತರ ಸಾಲಿನಿಂದ ಗಾಯಾಳುಗಳ ಸಾಲಿಗೆ ಬರುತ್ತಾನೆ. ಇದು ನಮ್ಮ ಯಶಸ್ಸೇ ಹೌದು, ಆದರೆ ಅಪಘಾತಗಳು ಕಡಿಮೆಯಾದವೆಂಬುದಕ್ಕೆ ಪುರಾವೆಯಲ್ಲ.

ಎರಡೂ ಸಾಲುಗಳನ್ನು ಒಟ್ಟಿಗೆ ಇಳಿಸಬಲ್ಲದ್ದು ವೇಗದ ಇಳಿಕೆ. ವೇಗ ಎರಡು ಪಟ್ಟಾದರೆ ಢಿಕ್ಕಿಯಲ್ಲಿ ದೇಹ ಎದುರಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಸರಾಸರಿ ವೇಗ ಶೇ. 1ರಷ್ಟು ಏರಿದರೆ ಮಾರಣಾಂತಿಕ ಅಪಘಾತದ ಸಾಧ್ಯತೆ ಸುಮಾರು ಶೇ. 4ರಷ್ಟು, ಗಂಭೀರ ಅಪಘಾತದ ಸಾಧ್ಯತೆ ಸುಮಾರು ಶೇ. 3ರಷ್ಟು ಏರುತ್ತದೆ.

ಸ್ವೀಡನ್‌ನಲ್ಲಿ ಪೊಲೀಸ್ ಮತ್ತು ಆಸ್ಪತ್ರೆಗಳ ಮಾಹಿತಿಯನ್ನು ಒಂದೇ ದತ್ತಾಂಶ ವ್ಯವಸ್ಥೆಯಲ್ಲಿ ಜೋಡಿಸುತ್ತಾರೆ. ಪೊಲೀಸರ ಕಡತದಲ್ಲಿ ಕಾಣದ ಆ ಸೈಕಲ್ ಸವಾರ ಅಲ್ಲಿ ಲೆಕ್ಕಕ್ಕೆ ಸಿಗುತ್ತಾನೆ.