ಪದ ಪರಿಚಯ: ಸುನಿರೂಪಿತ ಸಮಸ್ಯೆ

ಮಳೆಗಾಲದಲ್ಲಿ ವಿಜಯಪುರ, ಬಾಗಲಕೋಟೆಯ ಕಡೆ ಪತ್ರಿಕೆ ಬಿಡಿಸಿದವರು ಮೊದಲು ಹುಡುಕುವುದು ಆಲಮಟ್ಟಿಯ ನೀರಿನ ಮಟ್ಟವನ್ನು. ಗರಿಷ್ಠ ಮಟ್ಟ 519.60 ಮೀಟರ್, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಅಷ್ಟು. ಅಂಕಿ ದಶಾಂಶದ ಎರಡನೆಯ ಸ್ಥಾನಕ್ಕೆ ನಿಲ್ಲುತ್ತದೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ಬಿಟ್ಟುಹೋದ ಆ ನಾಲ್ಕಾರು ಮಿಲಿಮೀಟರುಗಳಿಂದ ನಾಳೆ ನದಿದಂಡೆಯ ಊರಿನಲ್ಲಿ ನೀರು ಆಳೆತ್ತರ ಏರುಪೇರಾಗುವುದಿಲ್ಲ ಎಂಬ ನಂಬಿಕೆ ಅಂಕಿ ಬರೆದವರಿಗೂ ಇದೆ, ಓದುವವರಿಗೂ ಇದೆ.

ಈ ನಂಬಿಕೆಗೆ ಆಧಾರವಿದೆಯೇ ಎಂದು ಗಣಿತಜ್ಞರು ವಿಚಾರಿಸುವ ಬಗೆಯೇ ಸುನಿರೂಪಿತತೆ. ಇಂಗ್ಲಿಷಿನ ‘ವೆಲ್-ಪೋಸ್ಡ್’ ಎಂಬುದಕ್ಕೆ ಇದು ಸಮಾನಪದ. ಪದ ತುಸು ಭಾರವಾಯಿತು. ‘ಸರಿಯಾಗಿ ಕೇಳಿದ ಪ್ರಶ್ನೆ’ ಎಂದರೂ ನಡೆದೀತು. ಅದು ಉತ್ತರದ ಗುಣವಲ್ಲ, ಪ್ರಶ್ನೆಯ ಗುಣ ಎಂಬುದಾದರೂ ಆಗ ಸ್ಪಷ್ಟವಾಗುತ್ತದೆ.

ಕಲ್ಪನೆ ಫ್ರಾನ್ಸಿನ ಗಣಿತಜ್ಞ ಜಾಕ್ ಹಡಮಾರ್ ಅವರದು, 1902ರದು. ಷರತ್ತುಗಳು ಮೂರು. ಉತ್ತರ ಇರಬೇಕು. ಒಂದೇ ಇರಬೇಕು. ಕೊಟ್ಟ ದತ್ತಾಂಶ ಕೊಂಚ ಅಲುಗಿದರೆ ಉತ್ತರವೂ ಕೊಂಚವೇ ಅಲುಗಬೇಕು. ಮೊದಲೆರಡು ಯಾರಿಗಾದರೂ ಹೊಳೆಯುವಂಥವು. ಮೂರನೆಯದರಲ್ಲಿ ಹಡಮಾರ್ ಕಾಣುತ್ತಾರೆ. ಅವರದೇ ಉದಾಹರಣೆ ನೋಡಿ. ನೆಲೆನಿಂತ ಶಾಖದ ಹರವಿನಂಥವನ್ನು ವಿವರಿಸುವ ಲಾಪ್ಲಾಸ್ ಸಮೀಕರಣಕ್ಕೆ ಒಂದು ಗೆರೆಯ ಮೇಲೆ ಬೆಲೆಯೂ ಇಳಿಜಾರೂ ಸೊನ್ನೆ ಎಂದು ಕೊಟ್ಟರೆ ಉತ್ತರವೂ ಸೊನ್ನೆ. ಇಳಿಜಾರಿಗೆ ಮಾತ್ರ ನೂರರಲ್ಲೊಂದು ಭಾಗ ಮೀರದ, ಒತ್ತೊತ್ತಾದ ಅಲೆಯೊಂದನ್ನು ಸೇರಿಸಿ. ಗೆರೆಯಿಂದ ಒಂದು ಮಾನದಷ್ಟು ದೂರ ಸರಿಯುವಷ್ಟರಲ್ಲಿ ಉತ್ತರ 40 ಅಂಕಿಗಳ ಸಂಖ್ಯೆಯಾಗಿ ಉಬ್ಬಿರುತ್ತದೆ! ಉತ್ತರ ಇದೆ, ಒಂದೇ ಇದೆ, ಆದರೆ ಅಳತೆಪಟ್ಟಿ ಹಿಡಿದವನಿಗೆ ಕೆಲಸಕ್ಕೆ ಬಾರದು.

ಶಬ್ದದಂಥ ಅಲೆಗಳ ಚಲನೆಯನ್ನು ಹೇಳುವ ತರಂಗ ಸಮೀಕರಣ ಹೀಗೆ ಕೈಕೊಡುವುದಿಲ್ಲ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಉಸುರಿದ ಮಾತು ಎದುರು ಬದಿಗೆ ಅದೇ ಮಾತಾಗಿ ತಲುಪುತ್ತದೆ. ಇಬ್ಬರು ಒಟ್ಟಿಗೆ ಪಿಸುಗುಟ್ಟಿದರೆ ಎರಡು ಅಲೆಗಳೂ ಒಂದನ್ನೊಂದು ಕೆಡಿಸದೆ ದಾಟಿಹೋಗುತ್ತವೆ. (ಶಾಲಾ ಪ್ರವಾಸದ ಮಕ್ಕಳು ಒಳಗೆ ನುಗ್ಗಿದ ಮೇಲೆ ಈ ಪ್ರಯೋಗಕ್ಕೆ ಕೈಹಾಕಬೇಡಿ.) ಅಲೆಗಳು ಹೀಗೆ ಬರಿದೆ ಕೂಡಿಕೊಳ್ಳುವುದನ್ನೇ ರೇಖೀಯ ಎನ್ನುವುದು.

ನದಿಯ ನೀರು ಅಷ್ಟು ಸಾಧು ಅಲ್ಲ. ಅಗಲಕ್ಕೆ ಹೋಲಿಸಿದರೆ ಆಳ ಕಡಿಮೆಯಿರುವ ನೀರಿನಲ್ಲಿ ಅಲೆಯ ವೇಗವನ್ನು ಆಳವೇ ನಿರ್ಧರಿಸುತ್ತದೆ: 2.5 ಮೀಟರ್ ಆಳದಲ್ಲಿ ಸೆಕೆಂಡಿಗೆ ಸುಮಾರು 5 ಮೀಟರ್, 10 ಮೀಟರ್ ಆಳದಲ್ಲಿ ಸುಮಾರು 10. ಅಂದರೆ ಅಲೆ ತನ್ನ ವೇಗವನ್ನು ತಾನೇ ಬದಲಿಸಿಕೊಳ್ಳುತ್ತದೆ; ಅರೇಖೀಯತೆ ಎಂದರೆ ಇದೇ. ಹಿಂದಿನ ಎತ್ತರದ ನೀರು ಮುಂದಿನ ತಗ್ಗಿನ ನೀರನ್ನು ಬೆನ್ನಟ್ಟುತ್ತದೆ, ಅಲೆಯ ಮುಂಭಾಗ ಕಡಿದಾಗುತ್ತ ಹೋಗುತ್ತದೆ, ಕೊನೆಗೊಂದು ಗಳಿಗೆಯಲ್ಲಿ ಗೋಡೆಯಂತೆ ನೆಟ್ಟಗಾಗುತ್ತದೆ. ಆಗಲೂ ಎತ್ತರ ಮಿತಿಯಲ್ಲೇ ಇರುತ್ತದೆ. ಅನಂತಕ್ಕೆ ಹೋಗುವುದು ಇಳಿಜಾರು. ಹಾಗಾಗಿ ‘ಕೊಂಚ’ ಎಂಬುದನ್ನು ಯಾವ ಕೋಲಿನಿಂದ ಅಳೆಯುತ್ತೀರಿ, ಎತ್ತರವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೀರೋ ಇಳಿಜಾರನ್ನೂ ಸೇರಿಸುತ್ತೀರೋ ಎಂಬುದು ಇಲ್ಲಿ ಪ್ರಶ್ನೆಯದೇ ಭಾಗ. ಸಮೀಕರಣ ಒಂದೇ ಇದ್ದರೂ ಕೋಲು ಬದಲಾದರೆ ಸುನಿರೂಪಿತವಾಗಿದ್ದದ್ದು ಅಲ್ಲವಾಗಬಹುದು.

ಅರೇಖೀಯ ತರಂಗಗಳ ವಿಷಯದಲ್ಲಿ ಭರವಸೆಗೆ ಅವಧಿಯೂ ಇರುತ್ತದೆ. ಒಂದಷ್ಟು ಹೊತ್ತಿಗೆ ಮಾತ್ರ ಮೂರೂ ಷರತ್ತು ನಿಂತರೆ ‘ಸ್ಥಳೀಯ’ ಸುನಿರೂಪಿತತೆ, ಎಂದೆಂದಿಗೂ ನಿಂತರೆ ‘ಜಾಗತಿಕ’. ಎರಡೂ ಹೆಸರು ದಾರಿ ತಪ್ಪಿಸುತ್ತವೆ, ಏಕೆಂದರೆ ಮಾತು ಸ್ಥಳದ್ದಲ್ಲ, ಕಾಲದ್ದು. ಐನ್‌ಸ್ಟೈನರ ಗುರುತ್ವ ಸಮೀಕರಣಗಳೂ ತರಂಗದ ಜಾತಿಯವೇ. ಅವುಗಳಿಗೆ ಅಲ್ಪಕಾಲದ ಭರವಸೆಯನ್ನು 1952ರಲ್ಲಿ ಸಾಧಿಸಿ ತೋರಿಸಿದವರು ಫ್ರಾನ್ಸಿನ ಗಣಿತಜ್ಞೆ ಈವೊನ್ ಶೊಕೆ-ಬ್ರುಹಾ.

ಇನ್ನು ನದಿಯ ಅಲೆ ಗೋಡೆಯಂತೆ ಎದ್ದ ಮೇಲೆ? ‘ದುರ್ಬಲ’ ಎಂದು ಕರೆಯುವ, ನಡುವೆ ಜಿಗಿತವನ್ನು ಸಹಿಸುವ ಉತ್ತರಗಳನ್ನು ಒಪ್ಪಿಕೊಂಡರೆ ಲೆಕ್ಕ ಮುಂದುವರಿಯುತ್ತದೆ. ಆದರೆ ಈಗ ಉತ್ತರ ಒಂದೇ ಅಲ್ಲ, ಹಲವು. ಯಾವುದನ್ನು ಇಟ್ಟುಕೊಳ್ಳಬೇಕು? ಜಿಗಿತವನ್ನು ದಾಟುವಾಗ ನೀರು ಶಕ್ತಿಯನ್ನು ಕಳೆದುಕೊಳ್ಳಬಹುದೇ ಹೊರತು ಎಲ್ಲಿಂದಲೋ ಪಡೆಯಲಾರದು ಎಂಬ ಷರತ್ತು ಹಾಕಿ ಉಳಿದವನ್ನು ತಳ್ಳಿಹಾಕುತ್ತಾರೆ. ಅಣೆಕಟ್ಟಿನ ಗೇಟು ಎತ್ತಿದಾಗ ಬುಡದಲ್ಲಿ ಬಿಳಿ ನೊರೆಯಾಗಿ ಭೋರ್ಗರೆಯುವ ಕಡೆ ನೀರು ಈ ಷರತ್ತನ್ನು ಪಾಲಿಸುತ್ತಿರುತ್ತದೆ.