ಅನ್‌ಸ್ಯಾಟಿಸ್ಫೈಡ್‌ಲಿಂಕ್‌ಎರರ್: ಲೈಬ್ರರಿ ಇಲ್ಲ ಎಂದರೆ ಎಲ್ಲಿ ಇಲ್ಲ?

ಆಂಡ್ರಾಯ್ಡ್ ಆ್ಯಪ್ ತೆರೆದ ಕೂಡಲೇ ನಿಂತುಹೋಗಿ ದೋಷಗಳು ದಾಖಲಾಗುವ ಲಾಗ್‌ಕ್ಯಾಟ್‌ನಲ್ಲಿ ‘ಅನ್‌ಸ್ಯಾಟಿಸ್ಫೈಡ್‌ಲಿಂಕ್‌ಎರರ್’ ಕಾಣಿಸಿಕೊಂಡಾಗ ಅದನ್ನು ಬಿಲ್ಡ್ ಎರರ್ (ಕೋಡಿನಿಂದ ಆ್ಯಪ್ ಕಟ್ಟುವಾಗಿನ ದೋಷ) ಎಂದು ಕರೆದು, ಪ್ರಾಜೆಕ್ಟ್ ಕ್ಲೀನ್ ಮಾಡಿ, ಸಿ, ಸಿ++ ಕೋಡಿಗೆ ಬೇಕಾದ ಉಪಕರಣಗಳ ಕಂತೆಯಾದ ಎನ್‌ಡಿಕೆಯನ್ನು ಮತ್ತೆ ಇನ್‌ಸ್ಟಾಲ್ ಮಾಡಿ ಎಂದು ಸಲಹೆ ಕೊಡುವುದು ಈಗ ವಾಡಿಕೆಯೇ ಆಗಿಬಿಟ್ಟಿದೆ. ಬಿಲ್ಡ್ ವೇಳೆಯಲ್ಲಿ ಕೋಡಿನ ತುಣುಕುಗಳನ್ನು ಜೋಡಿಸುವ ಲಿಂಕರ್ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎನ್ನುವುದು ಬೇರೆಯೇ ದೋಷ. ಆಗ ಎಪಿಕೆ, ಅಂದರೆ ಆ್ಯಪ್‌ನ ಇನ್‌ಸ್ಟಾಲ್ ಫೈಲು, ತಯಾರಾಗುವುದೇ ಇಲ್ಲ. ಇದಾದರೋ ಆ್ಯಪ್ ಓಡುತ್ತಿರುವಾಗ ಬರುವಂಥದು. ಜಾವಾ ಅಥವಾ ಕೋಟ್ಲಿನ್ ಕಡೆಯ ಕೋಡಿಗೆ ತನಗೆ ಬೇಕಾದ ಸಿ ಅಥವಾ ಸಿ++ ಕೋಡು (ಅದನ್ನು ತುಂಬಿಕೊಂಡ ಫೈಲೇ ಲೈಬ್ರರಿ) ಆ ಕ್ಷಣದಲ್ಲಿ ಸಿಗಲಿಲ್ಲ ಎಂಬುದಷ್ಟೇ ಇದರ ಅರ್ಥ.

‘ಲೈಬ್ರರಿ ಫೈಲು ಪ್ರಾಜೆಕ್ಟಿನಲ್ಲಿ ಇದೆಯಲ್ಲ, ಮತ್ತೆ ಇಲ್ಲ ಎಂದೇಕೆ ಹೇಳುತ್ತದೆ?’ ಎಂಬುದು ಪದೇ ಪದೇ ಕೇಳಿಬರುವ ಪ್ರಶ್ನೆ. ಸಿಸ್ಟಮ್ ಹುಡುಕುವುದು ಪ್ರಾಜೆಕ್ಟಿನಲ್ಲಿ ಅಲ್ಲ. ಎಪಿಕೆಯ ‘ಲಿಬ್’ ಫೋಲ್ಡರಿನೊಳಗೆ ಆರ್ಮ್64-ವಿ8ಎ, ಆರ್ಮ್‌ಇಎಬಿಐ-ವಿ7ಎ, ಎಕ್ಸ್86_64 ಎಂದು ಒಂದೊಂದು ಎಬಿಐಗೆ (ಪ್ರೊಸೆಸರ್ ಬಗೆಗೆ) ಒಂದೊಂದು ಫೋಲ್ಡರ್ ಇರುತ್ತದೆ. ಇನ್‌ಸ್ಟಾಲ್ ಆಗುವಾಗ ಫೋನು ಅವುಗಳಲ್ಲಿ ತನಗೆ ಹೆಚ್ಚು ಹೊಂದುವ ಒಂದನ್ನು ಮಾತ್ರ ಆರಿಸಿಕೊಂಡು ಉಳಿದವನ್ನು ಕೈಬಿಡುತ್ತದೆ. ನಿಮ್ಮ ಆ್ಯಪ್‌ನಲ್ಲಿ 32 ಬಿಟ್‌ನ ಹಳೆಯ ಆಡಿಯೊ ಲೈಬ್ರರಿಯೊಂದು ವಿ7ಎ ಫೋಲ್ಡರಿನಲ್ಲಿ ಮಾತ್ರ ಇದ್ದು ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದುಕೊಳ್ಳಿ. ಅದಕ್ಕೆ ಸಂಬಂಧವೇ ಇಲ್ಲದ ಹೊಸ ಡಿಪೆಂಡೆನ್ಸಿಯೊಂದು (ಆ್ಯಪ್ ಬಳಸುವ ಹೊರಗಿನ ಕೋಡು) ತನ್ನ 64 ಬಿಟ್ ಫೈಲನ್ನು ತಂದ ಕೂಡಲೇ 64 ಬಿಟ್ ಫೋನು ವಿ8ಎ ಫೋಲ್ಡರನ್ನು ಆರಿಸಿಕೊಳ್ಳುತ್ತದೆ, ಅಲ್ಲಿ ಆಡಿಯೊ ಲೈಬ್ರರಿ ಇರುವುದಿಲ್ಲ. ಹೊಸದನ್ನು ಸೇರಿಸಿದರೆ ಹಳೆಯದು ಕಾಣೆಯಾಯಿತು ಎಂದು ಜನ ಕಂಗೆಡುವುದು ಇಲ್ಲಿಯೇ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ, ಆಂಡ್ರಾಯ್ಡ್ ಸ್ಟುಡಿಯೊದ ಎಪಿಕೆ ಅನಲೈಸರ್‌ನಲ್ಲಿ ಎಪಿಕೆಯನ್ನು ತೆರೆದು, ಪ್ರತಿ ಎಬಿಐ ಫೋಲ್ಡರಿನಲ್ಲೂ ಅವವೇ ಲೈಬ್ರರಿಗಳಿವೆಯೇ ಎಂದು ನೋಡುವುದು. ಸಿ++ ಲೈಬ್ರರಿಗಳು ನೆಚ್ಚಿಕೊಂಡಿರುವ ‘ಲಿಬ್‌ಸಿ++_ಶೇರ್ಡ್’ ಬಿಟ್ಟುಹೋಗಿದ್ದರೂ ಇದೇ ದೋಷ ಬರುತ್ತದೆ. ಕೊರತೆ ಕಂಡರೆ ಆ ಲೈಬ್ರರಿಯ 64 ಬಿಟ್ ಆವೃತ್ತಿಯನ್ನು ತರಿಸಿಕೊಳ್ಳಬೇಕು. ಎಬಿಐ ಫಿಲ್ಟರ್ ಹಾಕಿ ವಿ7ಎ ಒಂದನ್ನೇ ಉಳಿಸಿಕೊಳ್ಳುವುದನ್ನು ಪರಿಹಾರವೆಂದು ಇಂದಿಗೂ ಸೂಚಿಸುವವರಿದ್ದಾರೆ. ಆದರೆ ನೇಟಿವ್ (ಸಿ, ಸಿ++) ಕೋಡಿರುವ ಆ್ಯಪ್‌ಗಳಿಗೆ 64 ಬಿಟ್ ಆವೃತ್ತಿಯನ್ನು ಗೂಗಲ್ ಪ್ಲೇ 2019ರ ಆಗಸ್ಟ್‌ನಿಂದಲೇ ಕಡ್ಡಾಯ ಮಾಡಿದೆ, ಪಿಕ್ಸೆಲ್ 7ರಂಥ ಫೋನುಗಳಲ್ಲಿ 32 ಬಿಟ್ ಆ್ಯಪ್ ಓಡುವುದೂ ಇಲ್ಲ.

ಎರರ್ ಹೆಸರಿನ ಮುಂದಿರುವ ಸಾಲನ್ನು ಯಾರೂ ಓದುವುದಿಲ್ಲ ಎಂಬುದು ನನ್ನ ಇನ್ನೊಂದು ತಕರಾರು. ‘ಲೈಬ್ರರಿ ನಾಟ್ ಫೌಂಡ್’ ಎಂದಿದ್ದರೆ ಮಾತ್ರ ಮೇಲಿನದೆಲ್ಲ ಅನ್ವಯಿಸುತ್ತದೆ. ಅಲ್ಲಿ ‘ಲಿಬ್‌ಲಿಬ್’ ಎಂದು ಎರಡು ಸಲ ಬಂದಿದ್ದರೆ, ಲೈಬ್ರರಿಯನ್ನು ತೆರೆಯಿಸುವ ‘ಲೋಡ್‌ಲೈಬ್ರರಿ’ಗೆ ಕೊಟ್ಟ ಹೆಸರಿನ ಮುಂದೆ ನೀವೂ ‘ಲಿಬ್’ ಸೇರಿಸಿದ್ದೀರಿ. ಅದನ್ನು ಸಿಸ್ಟಮ್ ತಾನೇ ಸೇರಿಸಿಕೊಳ್ಳುತ್ತದೆ. ‘ನೋ ಇಂಪ್ಲಿಮೆಂಟೇಷನ್ ಫೌಂಡ್’ ಎಂದಿದ್ದರೆ ಫೋಲ್ಡರುಗಳನ್ನು ಹುಡುಕುವ ಮೊದಲು, ‘ಲೋಡ್‌ಲೈಬ್ರರಿ’ಯನ್ನು ಕರೆಯಲಾಗಿದೆಯೇ, ಪ್ಯಾಕೇಜಿನ ಹೆಸರು ಬದಲಾದ ಮೇಲೆ ಸಿ++ ಫಂಕ್ಷನ್ನಿನ ಹೆಸರನ್ನೂ ಬದಲಾಯಿಸಿದ್ದೀರಾ, ಆ ಹೆಸರನ್ನು ಕಂಪೈಲರ್ ಮಾರ್ಪಡಿಸದಂತೆ ತಡೆಯುವ ‘ಎಕ್ಸ್‌ಟರ್ನ್ ಸಿ’ ಬರೆದಿದ್ದೀರಾ ಎಂದು ನೋಡಬೇಕು.

ಆಯಾ ಫೋನಿಗೆ ಬೇಕಾದ ಭಾಗಗಳನ್ನಷ್ಟೇ ಕಳಿಸಲು ಪ್ಲೇ ಬಳಸುವ ಆ್ಯಪ್ ಬಂಡಲ್‌ನಿಂದ ಹಂಚಿಕೆಯಾದ ಆ್ಯಪ್‌ನಲ್ಲಿ ಲೈಬ್ರರಿಗಳು ಸಾಮಾನ್ಯವಾಗಿ ಪ್ರತ್ಯೇಕ ಸ್ಪ್ಲಿಟ್ ಎಪಿಕೆಯಲ್ಲಿರುತ್ತವೆ. ಮುಖ್ಯ ಭಾಗವಾದ ಬೇಸ್ ಎಪಿಕೆ ಒಂದನ್ನೇ ಇನ್ನೊಂದು ಫೋನಿಗೆ ನಕಲು ಮಾಡಿ ಪರೀಕ್ಷಿಸಿದಾಗ ಬರುವ ಈ ದೋಷಕ್ಕೆ ಕೋಡಿನಲ್ಲಿ ಏನನ್ನೂ ತಿದ್ದಬೇಕಾಗಿಲ್ಲ. ಸ್ಪ್ಲಿಟ್‌ಗಳನ್ನೆಲ್ಲ ಒಟ್ಟಿಗೆ ಇನ್‌ಸ್ಟಾಲ್ ಮಾಡಿದರಾಯಿತು.